ಮೆಟ್ಟಿಲ ದೀಪದ ಮೂರನೆಯ ಸರದಿ

ಬಸವೇಶ್ವರನಗರದ ನಮ್ಮ ಮನೆಯ ಒಳಮೆಟ್ಟಿಲಿಗೆ ಕಿಟಕಿ ಇರಲಿಲ್ಲ. ನಡುಮನೆಯ ಮೂಲೆಯಿಂದ ಎಂಟು ಮೆಟ್ಟಿಲು ಹತ್ತಿದರೆ ಒಂದು ತಿರುವು, ಅಲ್ಲಿಂದ ಮತ್ತೆ ಏಳು ಮೆಟ್ಟಿಲು, ಕೊನೆಗೆ ಅಜ್ಜಿಯ ಕೋಣೆ. ಮನೆ ಕಟ್ಟಿಸುವಾಗ ಪಕ್ಕದ ಸೈಟು ಖಾಲಿ ಇತ್ತಂತೆ. ಕಿಟಕಿ ಬಿಡೋಣ ಎಂದು ಅಪ್ಪಾಜಿ ಹೇಳಿದರೆ, ನಾಳೆ ಅಲ್ಲಿ ಗೋಡೆ ಏಳುತ್ತದೆ, ಸುಮ್ಮನೆ ಯಾಕೆ ಎಂದು ಮೇಸ್ತ್ರಿ ಅಂದನಂತೆ. ಗೋಡೆ ಎದ್ದಿತು. ನಡುಮಧ್ಯಾಹ್ನವೂ ಆ ತಿರುವಿನಲ್ಲಿ ನಮ್ಮ ಕೈ ನಮಗೇ ಕಾಣುತ್ತಿರಲಿಲ್ಲ. ಅದಕ್ಕೇ ಅಲ್ಲಿ ಎತ್ತರದಲ್ಲಿ ಒಂದು ಬಲ್ಬು, ಅದೊಂದಕ್ಕೆ ಎರಡು ಸ್ವಿಚ್ಚು. ಒಂದು ಕೆಳಗೆ ನಡುಮನೆಯ ಗೋಡೆಯಲ್ಲಿ, ಇನ್ನೊಂದು ಮೇಲೆ ಅಜ್ಜಿಯ ಬಾಗಿಲ ಪಕ್ಕದಲ್ಲಿ. ಯಾವುದನ್ನು ಒತ್ತಿದರೂ ಆರಿದ್ದು ಹೊತ್ತಿಕೊಳ್ಳುತ್ತಿತ್ತು, ಹೊತ್ತಿದ್ದು ಆರುತ್ತಿತ್ತು. ಕೆಳಗೆ ಹಾಕಿಕೊಂಡು ಹತ್ತಿದವರು ಮೇಲೆ ಹೋಗಿ ಆರಿಸಲಿ ಎಂದು ಮಾಡಿದ ಏರ್ಪಾಡು. ಕೆಳಗಿನ ಸ್ವಿಚ್ಚಿನ ಬಳಿ ನಿಂತವರಿಗೆ ಮೇಲೆ ನಿಂತವರು ಕಾಣುವುದಿಲ್ಲ, ಮೇಲಿನವರಿಗೆ ಕೆಳಗಿನವರು ಕಾಣುವುದಿಲ್ಲ. ಬಲ್ಬಿನ ಬೆಳಕು ಮಾತ್ರ ಇಬ್ಬರಿಗೂ ಕಾಣುತ್ತದೆ. ನಾನು ಇಂದಿನ ನಾನಾದದ್ದು ಹೆಚ್ಚುಕಡಿಮೆ ಆ ಎರಡು ಸ್ವಿಚ್ಚುಗಳ ನಡುವೆ ಎಂದು ಈಗ ಅನ್ನಿಸುತ್ತದೆ.

ಗೌರಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳಿಗೆ ಆಟಿಸಂ ಎಂಬ ಮಾತು ನಮ್ಮ ಮನೆಗೆ ಬರುವ ಎಷ್ಟೋ ಮೊದಲೇ ಅವಳಿಗೆ ಸ್ವಿಚ್ಚುಗಳು ಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಬೊಂಬೆ ಕೊಟ್ಟರೆ ಅದನ್ನು ದಾಟಿ ಗೋಡೆಯ ಹತ್ತಿರ ಹೋಗುತ್ತಿದ್ದಳು. ಯಾರ ಮನೆಗೆ ಹೋದರೂ ಮೊದಲು ಸ್ವಿಚ್ ಬೋರ್ಡು, ಆಮೇಲೆ ಮನುಷ್ಯರು. ಎಷ್ಟೋ ಸಲ ಮನುಷ್ಯರು ಬರುತ್ತಲೇ ಇರಲಿಲ್ಲ. ಮಾತು ನಾಲ್ಕೈದು, ಅದೂ ಯಾರನ್ನೂ ಕರೆಯುವ ಮಾತಲ್ಲ. ಅಮ್ಮ ಬೋರ್ಡುಗಳಿಗೆಲ್ಲ ಕಂದು ಟೇಪು ಅಂಟಿಸಿದ್ದರು. ಊಟದ ಹೊತ್ತಿಗೆ ಅವಳನ್ನು ಗೋಡೆಯಿಂದ ಬಿಡಿಸಿ ತರುವುದೇ ಒಂದು ಯುದ್ಧ. ಅವಳಿಗೆ ರೊಟ್ಟಿಗೆ ಪಲ್ಯ ತಾಗಬಾರದು, ಮೊಸರಿನ ಬಟ್ಟಲು ತಟ್ಟೆಯ ಎಡಕ್ಕೇ ಇರಬೇಕು. ತಪ್ಪಿದರೆ ತಟ್ಟೆ ನೆಲಕ್ಕೆ ಬೀಳುತ್ತಿತ್ತು. ನಾನು ಬಡಿಸುವಾಗ ತಪ್ಪುತ್ತಿರಲಿಲ್ಲ. ಅಳೆದು ಇಡುವುದು, ಸದ್ದು ಮಾಡದೆ ಇಡುವುದು, ಇಟ್ಟ ಮೇಲೆ ದೂರ ನಿಲ್ಲುವುದು ನನಗೆ ಬೇಗ ಬಂತು.

ಮೆಟ್ಟಿಲ ಸ್ವಿಚ್ಚಿಗೆ ಮಾತ್ರ ಟೇಪು ಇರಲಿಲ್ಲ, ಅಜ್ಜಿ ಅಂಟಿಸಲು ಬಿಡಲಿಲ್ಲ. ಅಜ್ಜಿ ದಾವಣಗೆರೆ ಕಡೆಯವರು, ಅಪ್ಪಾಜಿಯ ತಾಯಿ. ಮಂಡಿ ನೋವಿನಿಂದ ಮೇಲಿನ ಕೋಣೆ ಬಿಟ್ಟು ಇಳಿಯುತ್ತಿದ್ದುದು ದಿನಕ್ಕೆ ಒಂದೇ ಸಲ, ಬೆಳಗಿನ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು. ಉಳಿದ ಹೊತ್ತು ಅವರು ಮೇಲೆ, ಗೌರಿ ಕೆಳಗೆ. ಗೌರಿ ದೀಪ ಹಾಕುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಮೇಲಿನಿಂದ ಆರಿಸುತ್ತಿದ್ದರು. ಗೌರಿ ಮತ್ತೆ ಹಾಕುತ್ತಿದ್ದಳು. ನಡುವಿನ ಆ ಸ್ವಲ್ಪ ಹೊತ್ತಿನಲ್ಲಿ ಅವಳು, ಯಾವುದಕ್ಕೂ ಕ್ಷಣ ನಿಲ್ಲದವಳು, ಬೆರಳನ್ನು ಗೋಡೆಯಿಂದ ತೆಗೆದು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು.

"ಅತ್ತೆ, ನೀವೇ ಅವಳಿಗೆ ಕಲಿಸ್ತಾ ಇದೀರ," ಎಂದು ಅಮ್ಮ ಒಮ್ಮೆ ಮೆಟ್ಟಿಲ ಬುಡದಿಂದ ಕೂಗಿದರು. "ಇಲ್ಲಿ ನಾನು ಟೇಪ್ ಅಂಟಿಸ್ತೀನಿ, ಅಲ್ಲಿ ನೀವು ಆಡಿಸ್ತೀರ."

"ನಾ ಎಲ್ಲಿ ಆಡಸ್ತೀನವ್ವ? ಆಕೀನೇ ನನ್ನ ಆಡಸ್ತಾಳ," ಮೇಲಿನಿಂದ ಅಜ್ಜಿಯ ದನಿ. "ಈ ಮನ್ಯಾಗ ಇಡೀ ದಿನ ನನ್ನ ಮಾತಾಡಸೋರು ಮತ್ಯಾರದಾರ, ಹೇಳು ನೋಡೋಣ."

ಅಮ್ಮ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟರು. ಅಂದು ನಾನು ಅಜ್ಜಿಗೆ ಕಾಫಿ ಕೊಡಲು ಮೇಲೆ ಹೋದಾಗ ಕೇಳಿದೆ, ಒತ್ತುವ ಮುಂಚೆ ಅಷ್ಟು ಹೊತ್ತು ಯಾಕೆ ಬಿಡ್ತೀರ ಎಂದು. ಅಜ್ಜಿ ರುದ್ರಾಕ್ಷಿಯ ಸರವನ್ನು ಬೆರಳಿನಿಂದ ಬೆರಳಿಗೆ ಜಾರಿಸುತ್ತ ಹೇಳಿದರು:

"ಬಡಬಡ ಒತ್ತಿದ್ರ ಅದು ಆಟ ಅಲ್ಲವ್ವ, ಜಗಳ. ಐದು ಸಲ ಓಂ ನಮಃ ಶಿವಾಯ ಅನ್ನಬೇಕು, ನಿಧಾನಕ್ಕ. ಆಮ್ಯಾಲ ಒತ್ತಬೇಕು. ಅಲ್ಲೀತನಕ ಆಕಿ ಕಾಯ್ತಾಳ. ಕಾದ್ರಲ್ಲೇನು, ಆ ಕಡಿಗೆ ಒಬ್ರು ಅದಾರ ಅಂತ ಗೊತ್ತಾಗೋದು?"

ನಾನು ಐದನೇ ಕ್ಲಾಸಿನಲ್ಲಿದ್ದಾಗ, ದೀಪಾವಳಿ ಕಳೆದ ವಾರ, ಅಜ್ಜಿ ತೀರಿಕೊಂಡರು. ನಮ್ಮವರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಜ್ಜಿಯನ್ನು ನಡುಮನೆಯ ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹೂವು ಹಾಕಿ ಕೂರಿಸಿದ್ದರು. ಅದು ಮೆಟ್ಟಿಲಿನ ಪಕ್ಕದ ಗೋಡೆ. ಅವರ ತಲೆಯ ಮೇಲೆ ಒಂದು ಗೇಣು ಬಿಟ್ಟು ಗೌರಿಯ ಸ್ವಿಚ್ಚು. ಬಂದವರೆಲ್ಲ ಮುಖ ನೋಡುತ್ತಿದ್ದರು, ನಾನು ಸ್ವಿಚ್ಚು ನೋಡುತ್ತಿದ್ದೆ. ಗೌರಿ ಮನೆಯಲ್ಲಿರಲಿಲ್ಲ. ಜನ, ಭಜನೆಯ ತಾಳ, ಅಳು ಅವಳಿಂದ ತಡೆಯಲಾಗುವುದಿಲ್ಲ ಎಂದು ಬೆಳಗಾಗುತ್ತಲೇ ಗೋವಿಂದರಾಜನಗರದ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಶಿವಗಣಾರಾಧನೆ ಮುಗಿದು, ನೆಂಟರು ಹೊರಟು, ಅಜ್ಜಿಯ ಕೋಣೆಗೆ ಅಪ್ಪಾಜಿ ಬೀಗ ಹಾಕಿದ ಮೇಲೆ ಅವಳು ಬಂದಳು. ಯಾರೂ ಅವಳಿಗೆ ಏನೂ ಹೇಳಲಿಲ್ಲ. ಅವಳಿಗೇನು ತಿಳಿಯುತ್ತದೆ ಎಂದುಕೊಂಡೆವು. ಆ ತಪ್ಪು ನಮ್ಮೆಲ್ಲರದು. ಅವಳ ಪಾಲಿಗೆ ಯಾರೂ ಸತ್ತಿರಲಿಲ್ಲ. ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಗೋಡೆಯ ಹತ್ತಿರ ಹೋಗಿ ದೀಪ ಹಾಕಿ, ಬೆರಳನ್ನು ಎದೆಗೊತ್ತಿ ನಿಂತಳು. ಅದನ್ನು ನೋಡಲಾರದೆ ನಾನು ಹಿತ್ತಿಲಿಗೆ ಹೋದೆ.

ಎಷ್ಟು ದಿನ ಅವಳು ಹಾಗೆ ಕಾದಳೋ ನನಗೆ ಗೊತ್ತಿಲ್ಲ. ಒಂದು ಶನಿವಾರ ಮಧ್ಯಾಹ್ನ ಅರ್ಧ ದಿನದ ಶಾಲೆ ಮುಗಿಸಿ ಬಂದು, ನಡುಮನೆಯಲ್ಲಿ ಶೂ ಬಿಚ್ಚುತ್ತಿದ್ದೆ. ಗೌರಿ ಗೋಡೆಯ ಬಳಿ ನಿಂತಿದ್ದಳು. ದೀಪ ಹೊತ್ತಿತ್ತು. ಅವಳ ಎರಡೂ ಕೈ ಎದೆಯ ಮೇಲಿದ್ದವು. ದೀಪ ಆರಿತು. ಅವಳು ಸಣ್ಣಗೆ ಗಂಟಲಿನಲ್ಲಿ ನಕ್ಕು, ಒತ್ತಿದಳು. ಹೊತ್ತಿಕೊಂಡಿತು. ಕೈ ಮತ್ತೆ ಎದೆಗೆ. ನನಗೆ ಅರಿವಿಲ್ಲದೆಯೇ ಬಾಯೊಳಗೆ ಓಂ ನಮಃ ಶಿವಾಯ ಶುರುವಾಯಿತು. ಐದನೆಯದು ಮುಗಿಯುತ್ತಿದ್ದಂತೆ ದೀಪ ಆರಿತು. ಅಮ್ಮ ಹಿತ್ತಿಲಲ್ಲಿ ಬಟ್ಟೆ ಹಿಂಡುವ ಸದ್ದು ಕೇಳುತ್ತಿತ್ತು. ಅಪ್ಪಾಜಿ ಆಫೀಸಿನಲ್ಲಿದ್ದರು. ನಾನು ಒಂದು ಕಾಲಿನ ಶೂ ಹಾಗೇ ಇಟ್ಟುಕೊಂಡು ಕುಳಿತಿದ್ದೆ. ಹೆದರಿಕೆಗಿಂತ ಮೊದಲು ನನಗೆ ಬಂದದ್ದು, ನಾಚಿಕೆಯಿಂದ ಹೇಳಬೇಕು, ಹೊಟ್ಟೆಕಿಚ್ಚು.

ಯಾಕೆಂದರೆ ಆ ಹೊತ್ತಿಗೆ ನಾನು ಎರಡು ತಿಂಗಳಿಂದ ಅವಳ ಜೊತೆ ಇದೇ ಆಟ ಆಡಲು ಹೆಣಗುತ್ತಿದ್ದೆ. ವಿಜಯನಗರದಲ್ಲಿ ಬೇಕರಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಶೈಲಾ ಆಂಟಿ ಇಂಥ ಮಕ್ಕಳಿಗೆ ಕಲಿಸುತ್ತಿದ್ದರು. ಮೊದಲ ದಿನವೇ ಅಮ್ಮ, ಈ ಸ್ವಿಚ್ಚಿನ ಹುಚ್ಚು ಹೇಗಾದರೂ ಬಿಡಿಸಿಕೊಡಿ ಎಂದು ಕೇಳಿಕೊಂಡರು. ಶೈಲಾ ಆಂಟಿ ಬಿಡಿಸಲಿಲ್ಲ.

"ಅದನ್ನ ಕಿತ್ಕೊಂಡು ನಮ್ಮ ಚೆಂಡು ಕೊಟ್ರೆ ಅವಳು ಯಾಕ್ರೀ ಆಡ್ಬೇಕು? ಅವಳ ಆಟದೊಳಗೆ ನಾವೇ ಹೋಗಿ ಒಂಚೂರು ಜಾಗ ಕೇಳ್ಬೇಕು. ಒಂದು ಸಲ ಅವಳು, ಒಂದು ಸಲ ನಾವು. ಸ್ವಿಚ್ಚು ಇಷ್ಟ ಅಂದ್ರೆ ಸ್ವಿಚ್ಚಲ್ಲೇ ಟರ್ನ್ ತಗೊಳ್ಳೋದು ಕಲೀತಾಳೆ. ಟರ್ನ್ ಬಂತು ಅಂದ್ರೆ ಮಾತೂ ಬರೋಕೆ ದಾರಿ ಆಗುತ್ತೆ. ಮಾತು ಅಂದ್ರೆ ಇನ್ನೇನು?" ಆಮೇಲೆ ನನ್ನ ಕಡೆ ತಿರುಗಿದರು. "ಮನೇಲಿ ನೀನು ಅವಳ ಪಾರ್ಟ್‌ನರ್. ಆದ್ರೆ ಒಂದು ರೂಲ್. ಅವಳ ಕೈ ಹಿಡಿದು ಒತ್ತಿಸ್ಬಾರದು. ಒತ್ತು, ಒತ್ತು ಅಂತ ಗೋಳು ಹುಯ್ಕೋಬಾರದು. ಕಾಯ್ಬೇಕು. ಆಗುತ್ತಾ?"

ಆಗುತ್ತೆ ಎಂದೆ. ಮನೆಯಲ್ಲಿ ಒಂದು ಟೇಬಲ್ ಲ್ಯಾಂಪಿನ ಮುಂದೆ ಇಬ್ಬರೂ ಕೂರುತ್ತಿದ್ದೆವು. ನಾನು ಬೆರಳಿಟ್ಟ ಕೂಡಲೇ ಗೌರಿ ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಡುತ್ತಿದ್ದಳು, ಸಿಟ್ಟಿನಿಂದಲ್ಲ, ದಾರಿಗೆ ಅಡ್ಡ ಬಂದ ಚೊಂಬನ್ನು ಸರಿಸುವ ಹಾಗೆ. ಮತ್ತೆ ಇಟ್ಟರೆ ಕಿರುಚುತ್ತಿದ್ದಳು. ನನ್ನ ಮುಖ ಒಮ್ಮೆಯೂ ನೋಡಲಿಲ್ಲ. ಅಂಥವಳು ಅಲ್ಲಿ ಕತ್ತಲ ಮೆಟ್ಟಿಲಿನೊಂದಿಗೆ ಇಷ್ಟು ಚೆನ್ನಾಗಿ ಸರದಿ ತೆಗೆದುಕೊಳ್ಳುತ್ತಿದ್ದಳು.

ಇದರ ಜೊತೆಗೆ ದೊಡ್ಡಪ್ಪನ ಫಾರಂ ಬಂತು. ಅಪ್ಪಾಜಿಯ ಅಣ್ಣ ಆಗಷ್ಟೇ ರಾಜರಾಜೇಶ್ವರಿನಗರದಲ್ಲಿ ಫ್ಲ್ಯಾಟು ಕೊಂಡಿದ್ದರು. ಒಂದು ಭಾನುವಾರ ಬಂದು ಊಟಕ್ಕೆ ಕುಳಿತಾಗ, ದೂರದ ಊರೊಂದರಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ವಸತಿ ಶಾಲೆ ಇದೆ ಎಂದರು. ವರ್ಷಕ್ಕೆ ಎರಡು ಸಲ ಹೋಗಿ ನೋಡಿ ಬರಬಹುದಂತೆ.

"ಇದು ನಿಮ್ಮಿಬ್ಬರ ಕೈಲಿ ಆಗೋ ಮಾತಲ್ಲ ತಮ್ಮ. ಅವ್ವ ಇದ್ದಳು, ನಡೀತು. ಈ ದೊಡ್ಡವಳ ಗತಿ ಏನು? ಅದೂ ಮಾತು ಬಿಟ್ಟು ಕೂತದೆ ನೋಡು, ಮೂಗಿ ಹಂಗೆ."

"ಅವಳು ಮೂಗಿ ಏನಲ್ಲ ಭಾವ," ಎಂದು ಅಮ್ಮ ಸಾರಿನ ಸೌಟು ಎತ್ತಿಕೊಂಡೇ ಹೇಳಿದರು. "ಇಲ್ಲಿ ಮಾತಾಡೋರು ಜಾಸ್ತಿ ಆಗಿದಾರೆ ಅಂತ ಸುಮ್ನಿದಾಳೆ."

ಅಪ್ಪಾಜಿ ನಗಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವರು ಸರ್ಕಾರಿ ಕಚೇರಿಯ ಮನುಷ್ಯ. ಫಾರಂ ಕೈಗೆ ಬಂದರೆ ತುಂಬುವವರು. ತುಂಬಿ, ಸಹಿ ಮಾಡಿ, ಫ್ರಿಜ್ಜಿನ ಮೇಲೆ ರೇಡಿಯೋದಡಿಗೆ ಇಟ್ಟರು. ಅಂದು ಸಂಜೆ ಬಾಗಿಲು ಮುಚ್ಚಿಕೊಂಡು ಇಬ್ಬರೂ ಜಗಳವಾಡಿದರು. ಕೊನೆಗೆ ಒಂದು ಒಪ್ಪಂದವಾಯಿತು. ರಾಜಾಜಿನಗರದ ಒಂದು ಚಿಕ್ಕ ಶಾಲೆ ಇಂಥ ಮಕ್ಕಳನ್ನೂ ಉಳಿದವರ ಜೊತೆ ಸೇರಿಸಿಕೊಳ್ಳುತ್ತಿತ್ತು. ಬೇಸಿಗೆ ರಜೆಗೆ ಮುಂಚೆ ಒಂದು ದಿನ ಕರೆದು ನೋಡುತ್ತಾರೆ. ಗುಂಪಿನಲ್ಲಿ ತನ್ನ ಸರದಿಗೆ ಕಾಯಲು ಬಂದರೆ ಜೂನ್‌ನಿಂದ ಗೌರಿ ಅಲ್ಲಿಗೆ, ಬರದಿದ್ದರೆ ಫಾರಂ ಅಂಚೆಗೆ. ರೇಡಿಯೋದಡಿಯಿಂದ ಇಣುಕುತ್ತಿದ್ದ ಆ ಬಿಳಿ ಮೂಲೆಯನ್ನು ನೋಡದೆ ನಾನು ಒಂದು ದಿನವೂ ನೀರು ಕುಡಿದಿಲ್ಲ.

ಮುಂದಿನ ವಾರ ಶೈಲಾ ಆಂಟಿಗೆ ಹೇಳಿಬಿಟ್ಟೆ. ಮನೆಯ ಮೆಟ್ಟಿಲ ದೀಪದಲ್ಲಿ ಗೌರಿ ಟರ್ನ್ ತಗೋತಾಳೆ, ಹತ್ತು ನಿಮಿಷ ಕಾದು ಕಾದು ಆಡ್ತಾಳೆ ಎಂದೆ. ಅವರ ಕಣ್ಣು ಅರಳಿತು.

"ಅಯ್ಯೋ ಬಂಗಾರ! ಮೇಲೆ ಯಾರಿರ್ತಾರೆ?"

ಅಮ್ಮ ನನ್ನನ್ನು ನೋಡಿದರು. ನಾನು, "ನಾನೇ ಆಂಟಿ," ಎಂದೆ.

ಹಾಗೆ ಹೇಳಿದ ಮೇಲೆ ಮೇಲೆ ಹೋಗಲೇಬೇಕಾಯಿತು. ಆದರೆ ಅದಕ್ಕಿಂತ ಮುಂಚೆ ಅಮ್ಮ ಇನ್ನೊಂದು ಕೆಲಸ ಮಾಡಿದರು. ಆ ದೀಪ ಒಮ್ಮೊಮ್ಮೆ ತಾನಾಗಿ ಆರುವುದನ್ನು ಅವರೂ ಗಮನಿಸಿದ್ದರು. ಹೆಗ್ಗನಹಳ್ಳಿಯಿಂದ ಎಲೆಕ್ಟ್ರಿಷಿಯನ್ ಸಿದ್ದಣ್ಣನನ್ನು ಕರೆಸಿದರು. ಅವನು ಏಣಿ ಹಾಕಿ ಹತ್ತಿ, ಬಲ್ಬು ಬಿಚ್ಚಿ, ಇಳಿದ.

"ಹೋಲ್ಡರ್ ಸ್ಪ್ರಿಂಗ್ ಸತ್ತೋಗಿದೆ ಅಕ್ಕ. ಬಲ್ಬು ಬಿಸಿ ಆದ್ರೆ ಕಾಂಟ್ಯಾಕ್ಟ್ ಬಿಡುತ್ತೆ, ಆರೋಗುತ್ತೆ. ಮೇಲಿನ ಸ್ವಿಚ್ಚೂ ತುಕ್ಕು ಹಿಡಿದು ಗಟ್ಟಿ ಆಗಿದೆ. ಯಾರೂ ಮುಟ್ಟೇ ಇಲ್ಲ ಅನ್ಸುತ್ತೆ ತುಂಬ ದಿವ್ಸದಿಂದ."

ಹೊಸ ಹೋಲ್ಡರು ಹಾಕಿ ಹೋದ. ಅಮ್ಮನಿಗೆ ಸಮಾಧಾನವಾಯಿತು. ನನಗೆ ಆಗ ಗೊತ್ತಾಗದ ಒಂದು ವಿಷಯ, ಮುಂದೆ ಭೌತಶಾಸ್ತ್ರ ಓದುವಾಗ ಲ್ಯಾಬಿನಲ್ಲಿ ಕುಳಿತಿದ್ದಾಗ ಹೊಳೆಯಿತು. ಹೋಲ್ಡರು ಸಡಿಲವಾಗಿ ಆರಿದ ದೀಪ, ಕೆಳಗೆ ಸ್ವಿಚ್ಚು ಒತ್ತಿದರೆ ಹೊತ್ತಿಕೊಳ್ಳುವುದಿಲ್ಲ. ಸ್ವಿಚ್ಚು ಹಾಕಿಯೇ ಇರುವುದರಿಂದ ಆಗ ಒತ್ತುವುದೆಂದರೆ ಅದನ್ನು ಆರಿಸಿದಂತೆಯೇ. ಗೌರಿ ಒಂದೇ ಸಲ ಒತ್ತುತ್ತಿದ್ದಳು, ಅದು ಪ್ರತಿ ಸಲವೂ ಹೊತ್ತಿಕೊಳ್ಳುತ್ತಿತ್ತು. ಹಾಗಾಗಬೇಕಾದರೆ ಮೇಲಿನ ಸ್ವಿಚ್ಚನ್ನು ಯಾರಾದರೂ ಒತ್ತಿರಬೇಕು.

ಸಿದ್ದಣ್ಣ ಹೋದ ದಿನದಿಂದ ಮೇಲಿನ ಉತ್ತರ ನಿಂತಿತು. ಗೌರಿ ದೀಪ ಹಾಕಿ ಕಾದಳು. ಸಂಜೆಯಾಯಿತು. ಕೂರಲಿಲ್ಲ, ಉಣ್ಣಲಿಲ್ಲ. ಮೊಸರಿನ ಬಟ್ಟಲನ್ನು ಎಡಕ್ಕೇ ಇಟ್ಟು ಅವಳ ಕಾಲ ಬಳಿ ತಂದಿಟ್ಟರೂ ನೋಡಲಿಲ್ಲ. ಎರಡನೆಯ ದಿನವೂ ಹಾಗೆಯೇ. ಎರಡೂ ಕೈ ಎದೆಯ ಮೇಲೆ, ಕಣ್ಣು ಬಲ್ಬಿನ ಮೇಲೆ, ಕಾಲು ನಡುಗುತ್ತಿತ್ತು. ಅಮ್ಮ ಅವಳನ್ನು ಎತ್ತಿಕೊಳ್ಳಲು ಹೋಗಿ ಕಚ್ಚಿಸಿಕೊಂಡರು. ಅಪ್ಪಾಜಿ ಫ್ರಿಜ್ಜಿನ ಕಡೆ ನೋಡಿದ್ದನ್ನು ನಾನು ನೋಡಿದೆ.

ಮೂರನೆಯ ಮಧ್ಯಾಹ್ನ ನಾನು ಅವಳನ್ನು ದಾಟಿ ಮೆಟ್ಟಿಲು ಹತ್ತಿದೆ. ಅಜ್ಜಿ ಹೋದ ಮೇಲೆ ನಾನು ಹತ್ತಿದ್ದು ಅದೇ ಮೊದಲು. ತಿರುವು ದಾಟಿದ ಮೇಲೆ ವಿಭೂತಿಯ ವಾಸನೆ ಇತ್ತು, ಹಳೆಯದಲ್ಲ, ಈಗ ತಾನೇ ಹಚ್ಚಿಕೊಂಡಂಥದ್ದು. ಬೀಗ ಹಾಕಿದ ಬಾಗಿಲಿನ ಅಡಿಯಲ್ಲಿ ಒಂದು ಗೆರೆ ಬೆಳಕು. ಒಳಗಿನ ಕಿಟಕಿಯದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಗೆರೆಯ ಕಡೆ ಬೆನ್ನು ಮಾಡಲು ಧೈರ್ಯವಾಗದೆ ಗೋಡೆಗೆ ಒರಗಿ ನಿಂತು, ಐದು ಸಲ ಓಂ ನಮಃ ಶಿವಾಯ ಎಂದೆ. ಗಡಿಬಿಡಿಯಲ್ಲಿ ಎಂದೆ. ಸ್ವಿಚ್ಚು ಒತ್ತಿದರೆ ಅದು ನನ್ನ ಹೆಬ್ಬೆರಳಿಗೆ ಬಗ್ಗಲಿಲ್ಲ. ಅರ್ಧ ಹೋಗಿ ವಾಪಸು ಬಂತು. ದೀಪ ಒಮ್ಮೆ ಮಿಣುಕಿತು. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದ ಮೇಲೆ ಆರಿತು. ಕೆಳಗಿನಿಂದ ತಕ್ಷಣ ಟಕ್ ಎಂದು ಸದ್ದಾಯಿತು, ದೀಪ ಹೊತ್ತಿಕೊಂಡಿತು. ಆಟ ಶುರುವಾಯಿತು ಎಂದುಕೊಂಡೆ. ಆದರೆ ಅದು ಆಟವಲ್ಲ. ನಾನು ಬೇಗ ಒತ್ತಿದ್ದನ್ನು ಅವಳು ಅಳಿಸಿದ್ದಳು. ಮತ್ತೆ ಒತ್ತಿದೆ, ಮಿಣುಕು, ಕತ್ತಲು, ಟಕ್, ಮತ್ತೆ ಬೆಳಕು. ನಾಲ್ಕನೆಯ ಸಲ ಕಣ್ಣು ಮುಚ್ಚಿ, ಅಜ್ಜಿಯ ದನಿಯನ್ನು ನೆನಪಿಗೆ ತಂದುಕೊಂಡು, ಅವರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲಲ್ಲೇ ತೆಗೆದುಕೊಂಡು, ಐದು ಸಲ ಹೇಳಿದೆ. ಒತ್ತಿದೆ. ಮಿಣುಕಿತು, ಆರಿತು. ಕತ್ತಲು ಉಳಿಯಿತು. ಕೆಳಗೆ ಗೌರಿ ತನ್ನ ಸರದಿಯ ಮುಂಚೆ ಕಾಯುತ್ತಿದ್ದಳು.

ಅಂದಿನಿಂದ ಮಾರ್ಚ್ ಮುಗಿಯುವವರೆಗೆ ಪ್ರತಿ ಮಧ್ಯಾಹ್ನ ನಾಲ್ಕಕ್ಕೆ ನಾನು ಮೇಲೆ. ಶೈಲಾ ಆಂಟಿ ನೋಟ್ ಪುಸ್ತಕದಲ್ಲಿ ಬರೆದುಕೊಂಡರು, ಬೆನ್ನು ತಟ್ಟಿದರು. ನನಗೆ ಆ ಹೊಗಳಿಕೆ ಒಳಗಿಳಿಯುತ್ತಿರಲಿಲ್ಲ. ಗೌರಿ ಆಡುತ್ತಿದ್ದುದು ನನ್ನ ಜೊತೆಯಲ್ಲ, ಅಜ್ಜಿಯ ಜೊತೆ. ನಾನು ಸತ್ತವರ ಜಾಗದಲ್ಲಿ ನಿಂತು ಸತ್ತವರ ಉಸಿರಿನ ಲೆಕ್ಕ ಹಾಕುತ್ತಿದ್ದೆ. ನಾನು ಸರಿಯಾಗಿ ಮಾಡಿದಷ್ಟೂ ಅವಳ ಪಾಲಿಗೆ ನಾನು ಇಲ್ಲದವಳಾಗುತ್ತಿದ್ದೆ. ಆ ಮಿಣುಕೊಂದೇ ನನ್ನ ತಪ್ಪು. ಅದನ್ನು ಸರಿ ಮಾಡಲು ಎಷ್ಟು ಒದ್ದಾಡಿದರೂ ಆಗಲಿಲ್ಲ, ಸ್ವಿಚ್ಚು ಗಟ್ಟಿ, ನನ್ನ ಬೆರಳು ಸಣ್ಣದು. ಅಜ್ಜಿಯ ಕೈಯಲ್ಲಿ ದೀಪ ಎಂದೂ ಮಿಣುಕಿರಲಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳದಿರುವುದು ಅಭ್ಯಾಸವಾದದ್ದು ಆ ಬೇಸಿಗೆಯಲ್ಲೇ.

ಇನ್ನೊಂದನ್ನೂ ಹೇಳಲಿಲ್ಲ. ಒಂದು ದಿನ ಶಾಲೆಯ ವ್ಯಾನು ಮಾಗಡಿ ರೋಡಿನಲ್ಲಿ ಕೆಟ್ಟು ನಿಂತು, ಮನೆಗೆ ಬಂದಾಗ ಐದು ದಾಟಿತ್ತು. ಗೌರಿ ಅಳುತ್ತಿರುತ್ತಾಳೆ ಎಂದುಕೊಂಡು ಗೇಟಿನಿಂದ ಓಡಿದೆ. ಅಮ್ಮ ಬಾಗಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು, ನನ್ನ ಬ್ಯಾಗನ್ನು, ಶೂಗಳನ್ನು ನೋಡಿದರು.

"ನೀನು ಹೊರಗೆ ಯಾವಾಗ ಹೋದೆ?"

"ಈಗ ಬರ್ತಾ ಇದೀನಿ ಅಮ್ಮ. ವ್ಯಾನ್ ಕೆಟ್ಟೋಯ್ತು."

"ತಮಾಷೆ ಮಾಡ್ಬೇಡ ಕಣೇ. ಮೇಲಿದ್ಯಲ್ಲ ಇಷ್ಟೊತ್ತು? ನಾಲ್ಕರಿಂದ ಇಬ್ಬರೂ ಆಡ್ತಾನೇ ಇದೀರ. ಎಷ್ಟು ಚೆನ್ನಾಗಿ ಆಡ್ತಾ ಇದಾಳೆ ಅಂತ ನಾನೇ ನೋಡಿ ಬಂದೆ."

ನಾನು ಒಳಗೆ ನೋಡಿದೆ. ಗೌರಿ ಗೋಡೆಯ ಬಳಿ ಇದ್ದಳು. ಅವಳ ಮುಖ ಶಾಂತವಾಗಿತ್ತು. ದೀಪ ಆರಿತ್ತು. ಅಮ್ಮನ ಕೈಯ ಸೊಪ್ಪು ಹಾಗೇ ನಿಂತಿತ್ತು. ಅವರು ಹೆದರಿದರೆ ಈ ಆಟ ಇವತ್ತೇ ನಿಲ್ಲುತ್ತದೆ, ಸ್ವಿಚ್ಚಿಗೆ ಟೇಪು ಬೀಳುತ್ತದೆ, ಫಾರಂ ಅಂಚೆಗೆ ಹೋಗುತ್ತದೆ ಎಂದು ನನಗೆ ಒಮ್ಮೆಲೇ ತಿಳಿಯಿತು.

"ತಮಾಷೆ ಮಾಡ್ದೆ ಅಮ್ಮ," ಎಂದೆ. "ಹಿತ್ತಿಲ ಕಡೆಯಿಂದ ಬಂದೆ."

ರಾಜಾಜಿನಗರದ ಶಾಲೆಗೆ ನಾಲ್ವರೂ ಹೋದೆವು. ಅಪ್ಪಾಜಿ ಅರ್ಧ ದಿನ ರಜೆ ಹಾಕಿ ಬಂದಿದ್ದರು, ಕೈಯಲ್ಲಿ ಫೈಲು. ಚಾಪೆ ಹಾಸಿದ ಕೋಣೆಯಲ್ಲಿ ಮೂವರು ಮಕ್ಕಳು ದುಂಡಗೆ ಕುಳಿತಿದ್ದರು. ಗಾಜಿನ ಬಳೆ ತೊಟ್ಟ ಒಬ್ಬ ಮಿಸ್ ಚೆಂಡು ಉರುಳಿಸಿ ಗೌರಿಯನ್ನು ಕರೆದರು. ಚೆಂಡು ಅವಳ ಕಾಲಿಗೆ ತಾಗಿ ನಿಂತಿತು. ಅವಳು ಆಗಲೇ ಗೋಡೆಯ ಹತ್ತಿರವಿದ್ದಳು. ಮಿಸ್ ಮೂರು ಸಲ ಉರುಳಿಸಿದರು. ಪೆನ್ನಿನ ಮುಚ್ಚಳ ತೆಗೆದರು. ಅಪ್ಪಾಜಿ ಫೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಹೊರಗಿನವರ ಮುಂದೆ ಬಾಯಿ ಬಿಡದ ನಾನು ಎದ್ದು ನಿಂತೆ.

"ಮಿಸ್, ಲೈಟ್ ಸ್ವಿಚ್ ಆದ್ರೆ ಆಡ್ತಾಳೆ."

ಅವರು ನನ್ನನ್ನು ಒಂದು ಕ್ಷಣ ನೋಡಿ, ಪೆನ್ನು ಮುಚ್ಚಿದರು. ಕಿಟಕಿಗಳ ಪರದೆ ಎಳೆಸಿದರು. ಮಕ್ಕಳನ್ನು ಗೋಡೆಯ ಬಳಿ ಸಾಲಾಗಿ ನಿಲ್ಲಿಸಿದರು. ಒಬ್ಬರು ಒತ್ತಬೇಕು, ಸಾಲಿನ ಹಿಂದೆ ಹೋಗಬೇಕು, ಆಮೇಲೆ ಮುಂದಿನವರು. ಗೌರಿ ಮೊದಲು ಒತ್ತಿದಳು. ಅವಳು ಬೆರಳನ್ನು ಗೋಡೆಯಿಂದ ತೆಗೆದು ಎದೆಗಿಟ್ಟುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಒಬ್ಬ ಹುಡುಗಿ ಒತ್ತಿದಳು. ಗೌರಿ ಕೈ ಚಾಚಲಿಲ್ಲ. ಇನ್ನೊಬ್ಬಳು ಒತ್ತಿದಳು. ಮೂರನೆಯವನು ಒತ್ತಿದ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಗೌರಿ, ಈಗ ನಿನ್ನ ಟರ್ನ್ ಪುಟ್ಟ," ಎಂದರು ಮಿಸ್.

ಗೌರಿ ಒತ್ತಲಿಲ್ಲ. ಸಾಲಿನ ಕೊನೆಯ ಮಗುವಿನ ಹಿಂದೆ, ಯಾರೂ ಇಲ್ಲದ ಜಾಗದ ಕಡೆ ಒಮ್ಮೆ ನೋಡಿ, ಹಾಗೇ ನಿಂತಳು. ಹುಡುಗ ಗೊಣಗಿದ. ಮಿಸ್ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದೆ ಬಂದು ಒತ್ತಿದಳು. ಎರಡನೆಯ ಸುತ್ತಿನಲ್ಲೂ ಮೂವರ ಸರದಿ ಮುಗಿದ ಮೇಲೆ ಹಾಗೆಯೇ ನಿಂತಳು. ಕಾಣದ ಇನ್ನೊಬ್ಬರಿಗೆ ಜಾಗ ಬಿಟ್ಟು, ಅಷ್ಟೇ ಹೊತ್ತು.

"ಕಾಯ್ತಾಳೆ, ಅದೇನೋ ಸರಿ. ಆದ್ರೆ ಎಲ್ರದ್ದೂ ಆದ್ಮೇಲೂ ಯಾರಿಗೆ ಕಾಯ್ತಾ ಇದಾಳೆ?" ಮಿಸ್ ಕೇಳಿದರು.

ನಾನು ಚಾಪೆಯ ಅಂಚನ್ನು ನೋಡುತ್ತಿದ್ದೆ. ಉತ್ತರ ಬಂದದ್ದು ಬಾಗಿಲ ಕಡೆಯಿಂದ, ಆಫೀಸಿನ ದನಿಯಲ್ಲದ ಒಂದು ದನಿಯಲ್ಲಿ.

"ಅದು ನಮ್ಮವ್ವನ ಟರ್ನ್ ಮೇಡಂ," ಎಂದರು ಅಪ್ಪಾಜಿ. "ಐದು ಸಲ ಓಂ ನಮಃ ಶಿವಾಯ. ಹುಟ್ಟಿದಾಗಿಂದ ಕೇಳೀನಿ, ನನಗ ಗೊತ್ತಾಗಂಗಿಲ್ಲೇನು."

ಇಷ್ಟು ವರ್ಷ ಬೆಂಗಳೂರಿನ ಮಾತಾಡಿದವರು ಕೊನೆಯ ವಾಕ್ಯದಲ್ಲಿ ಊರಿನ ಮಾತಿಗೆ ಜಾರಿದ್ದರು. ಮೂರನೆಯ ಸುತ್ತಿನಲ್ಲಿ ಮಿಸ್ಸೇ ಮಕ್ಕಳಿಗೆ ಬೆರಳಿನಿಂದ ಸನ್ನೆ ಮಾಡಿ ಕಾಯಿಸಿದರು. ಆಮೇಲೆ ಪುಸ್ತಕದಲ್ಲಿ ಒಂದು ಸಾಲು ಬರೆದು, ಜೂನ್‌ನಲ್ಲಿ ಕರೆದುಕೊಂಡು ಬನ್ನಿ ಎಂದರು.

ಮನೆಗೆ ಬಂದ ಮೇಲೆ ಅಪ್ಪಾಜಿ ರೇಡಿಯೋದಡಿಯ ಫಾರಂ ತೆಗೆದು ನಾಲ್ಕು ಮಡಿಕೆ ಮಾಡಿ ಹರಿದರು. ಆಮೇಲೆ ಬೀಗದ ಕೈ ತೆಗೆದುಕೊಂಡು, ಗೌರಿಯ ಕೈ ಹಿಡಿದು ಮೆಟ್ಟಿಲು ಹತ್ತಿದರು. ನಾನು ಹಿಂದೆ ಹೋದೆ. ಬಾಗಿಲು ತೆರೆದಾಗ ಒಳಗೆ ಖಾಲಿ ಮಂಚ, ಮಡಿಸಿದ ಕಂಬಳಿ, ಗೂಟದಲ್ಲಿ ರುದ್ರಾಕ್ಷಿಯ ಸರ. ಅಪ್ಪಾಜಿ ಮಂಚದ ಮೇಲೆ ಕುಳಿತು ಅವಳನ್ನು ಎದುರಿಗೆ ನಿಲ್ಲಿಸಿಕೊಂಡರು.

"ಅಜ್ಜಿ ಇಲ್ಲ ಮಗಳೇ. ತೀರಿಕೊಂಡ್ರು. ನಾವು ನಿನಗೆ ಹೇಳಬೇಕಿತ್ತು, ಹೇಳಲಿಲ್ಲ."

ಗೌರಿ ಮಂಚ ನೋಡಿದಳು, ಗೂಟ ನೋಡಿದಳು. ಅವಳಿಗೆ ಎಷ್ಟು ತಲುಪಿತೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ನಂತರ ಹೊರಗೆ ಬಂದು, ಬಾಗಿಲ ಪಕ್ಕದ ಸ್ವಿಚ್ಚಿನ ಕೆಳಗೆ ಗೋಡೆಯ ಮೇಲೆ ನನ್ನ ಬೆನ್ನು ಒರಗಿ ಒರಗಿ ಸುಣ್ಣ ಸವೆದ ಜಾಗವನ್ನು ಅಂಗೈಯಿಂದ ಸವರಿದಳು. ನನ್ನ ಮಣಿಕಟ್ಟು ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಅವಳು ತಾನಾಗಿ ನನ್ನನ್ನು ಹಿಡಿದದ್ದು ಅದೇ ಮೊದಲು. ಮೆಟ್ಟಿಲು ಇಳಿಸಿ, ನಡುಮನೆಯ ಗೋಡೆಯ ಮುಂದೆ, ತಾನು ನಿಲ್ಲುವ ಜಾಗದಲ್ಲಿ ನನ್ನನ್ನು ನಿಲ್ಲಿಸಿ, ತಾನು ಮತ್ತೆ ಹತ್ತಿ ತಿರುವಿನಲ್ಲಿ ಮರೆಯಾದಳು.

ನಾನು ಒತ್ತಿದೆ. ದೀಪ ಹೊತ್ತಿಕೊಂಡಿತು. ಕೈಯನ್ನು ಎದೆಗಿಟ್ಟುಕೊಂಡು ಕಾದೆ. ಅಲ್ಲಿ ನಿಂತು ಕಾಯುವುದು ಹೇಗಿರುತ್ತದೆ ಎಂದು ಅಂದು ತಿಳಿಯಿತು. ಮೇಲೆ ಯಾರಿದ್ದಾರೆ ಎಂದು ಗೊತ್ತಿದ್ದರೂ ಕಣ್ಣು ಬಲ್ಬಿನಿಂದ ಕದಲಲಿಲ್ಲ. ಐದನೆಯದು ಮುಗಿಯಿತು. ದೀಪ ಒಮ್ಮೆ ಮಿಣುಕಿತು. ನಿಂತಿತು. ಆಮೇಲೆ ಆರಿತು.

ಅವಳ ಬೆರಳು ನನ್ನದಕ್ಕಿಂತ ಸಣ್ಣದು, ಸ್ವಿಚ್ಚು ಗಟ್ಟಿ, ಹಾಗಾಗಿ ಮಿಣುಕಿತು ಎನ್ನಬಹುದು. ಆದರೆ ಮುಂದಿನ ಸಲ ಅದು ಎರಡು ಬಾರಿ ಮಿಣುಕಿತು. ಬೇಕೆಂದೇ, ಬಿಡಿಸಿ ಬಿಡಿಸಿ, ಮೇಲಿನಿಂದ ಗಂಟಲಿನ ಆ ಸಣ್ಣ ನಗುವಿನ ಜೊತೆ. ಅಜ್ಜಿಯ ಕೈ ಯಾವುದು, ನನ್ನ ಕೈ ಯಾವುದು ಎಂದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಗೌರಿ ಇವತ್ತಿಗೂ ನನ್ನನ್ನು ಅಕ್ಕ ಎಂದು ಕರೆದಿಲ್ಲ. ಕರೆಯಬೇಕಾದಾಗ ಯಾವುದಾದರೂ ದೀಪವನ್ನು ಒಮ್ಮೆ ಮಿಣುಕಿಸುತ್ತಾಳೆ.

ಅವಳು ಇಳಿದು ಬಂದು ನನ್ನ ಪಕ್ಕ ನಿಂತಳು. ದೀಪ ಆರಿತ್ತು. ನನ್ನ ಸರದಿ ಎಂದುಕೊಂಡು ಕೈ ಚಾಚಿದೆ. ಅವಳು ಮತ್ತೆ ಮಣಿಕಟ್ಟು ಹಿಡಿದು ತಡೆದಳು. ಇಬ್ಬರೂ ಕೆಳಗಿದ್ದೆವು. ಅಮ್ಮ ಅಡುಗೆಮನೆಯಲ್ಲಿ. ಅಪ್ಪಾಜಿ ಇನ್ನೂ ಮೇಲೆ ಕೋಣೆಯಲ್ಲೇ ಇದ್ದರು. ಅವರು ಎದ್ದರೆ ಆ ಹಳೆಯ ಮಂಚ ಕಿರುಗುಟ್ಟುವುದು ಕೆಳಗಿನವರೆಗೆ ಕೇಳುತ್ತದೆ, ಅದು ಕೇಳಿರಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸಿದೆ, ನಿಧಾನಕ್ಕೆ, ಉಸಿರು ತೆಗೆದುಕೊಳ್ಳಬೇಕಾದಲ್ಲಿ ತೆಗೆದುಕೊಂಡು. ಐದನೆಯದು ಮುಗಿಯಿತು. ದೀಪ ಹೊತ್ತಿಕೊಂಡಿತು. ಒಮ್ಮೆಯೂ ಮಿಣುಕಲಿಲ್ಲ.

ಅಪ್ಪಾಜಿಯೇ ಒತ್ತಿರಬೇಕು. ನಾನು ಈವರೆಗೂ ಅವರನ್ನು ಕೇಳಿಲ್ಲ, ಅವರೂ ಹೇಳಿಲ್ಲ. ಗೌರಿ ನನ್ನ ಮಣಿಕಟ್ಟನ್ನು ಬಿಟ್ಟಳು. ಈಗ ನನ್ನ ಸರದಿ.